ಇದ್ದಿಲು ಕೊಟ್ಟಿಗೆಯಲ್ಲಿ ಕ್ರಿಸ್ಮಸ್

ಕಷ್ಟಪಡುವುದಕ್ಕೂ ಒಂದು ಯೋಗ್ಯತೆ ಬೇಕು. ನಮ್ಮ ಕರಪತ್ರನಿಗೆ ಅದು ಸುತರಾಂ ಇರಲಿಲ್ಲ. ಆದರೂ ಅವನ ಕಷ್ಟಗಳನ್ನು ಕೇಳಿ ಊರಿನ ಚರ್ಚಿನ ಸಭೆಯಲ್ಲಿ ಹೆಂಗಸರು ಕಣ್ಣೊರೆಸಿಕೊಂಡಿದ್ದರು, ಗಂಡಸರು ಕಾರಣವಿಲ್ಲದೆ ಕೆಮ್ಮಿದ್ದರು, ಹಾರ್ಮೋನಿಯಂ ನುಡಿಸುವವರು ಒಂದು ಭಾನುವಾರ ಕೀರ್ತನೆಯ ನಡುವೆಯೇ ಮುರಿದು ಬಿದ್ದಿದ್ದರು. ಒಂದೇ ಒಂದು ಕಷ್ಟವನ್ನೂ ಪಡದೆ ಇಷ್ಟನ್ನೆಲ್ಲ ಸಾಧಿಸಿದವನನ್ನು ದಡ್ಡ ಅನ್ನಲು ಬಾಯಿ ಬರುವುದಿಲ್ಲ. ಸ್ವಲ್ಪ ಹೊತ್ತು ತಾಳಿ, ಬರುತ್ತದೆ.

ಅವನು ಸುವಾರ್ತೆ ಸಾರಲು ಹೊರದೇಶಕ್ಕೆ ಹೋದ ಎಳೆಯ ಮಿಷನರಿ. ಅಲ್ಲಿ ಬೀದಿಯವರು ಅವನಿಗೆ ಇಟ್ಟ ಹೆಸರೇ ಕರಪತ್ರ, ಯಾಕೆಂದರೆ ಎದುರಿಗೆ ಯಾರು ಸಿಕ್ಕರೂ ನಮಸ್ಕಾರಕ್ಕಿಂತ ಮೊದಲು ಒಂದು ಕರಪತ್ರವನ್ನು ಕೈಗೆ ತುರುಕುತ್ತಿದ್ದ. ಬೀದಿಯ ಜನ ಸಭ್ಯಸ್ಥರು, ಬೇಡ ಅನ್ನುತ್ತಿರಲಿಲ್ಲ. ಎದುರುಗಡೆ ಕ್ಷೌರದಂಗಡಿಯವನಂತೂ ತಾನಾಗಿಯೇ ಕೇಳಿ ಪಡೆಯುತ್ತಿದ್ದ. ಕತ್ತಿಯ ಮೇಲಿನ ಸೋಪು ಒರೆಸಲು ಅಷ್ಟು ಮೆತ್ತನೆಯ ಕಾಗದ ಆ ಊರಿನಲ್ಲಿ ಬೇರೆ ಸಿಗುತ್ತಿರಲಿಲ್ಲ. ಕರಪತ್ರ ಇವನನ್ನು "ಹಸಿದಿರುವ ಆತ್ಮ" ಎಂದು ಊರಿಗೆ ವರದಿ ಮಾಡಿದ್ದ.

ಕರಪತ್ರ ಇದ್ದದ್ದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಒಂದು ಅಂಗಡಿಯ ಮಹಡಿ ಕೋಣೆಯಲ್ಲಿ. ಕೆಳಗೆ ಬೆಳಗಿನಿಂದ ಸಂಜೆಯವರೆಗೆ ಹಂಡೆಗಳಲ್ಲಿ ನೀರು ಕುದಿಯುತ್ತಿತ್ತು, ಇಸ್ತ್ರಿ ಪೆಟ್ಟಿಗೆಗಳು ಒದ್ದೆ ಕೋಟುಗಳ ಮೇಲೆ ಬುಸುಗುಟ್ಟುತ್ತಿದ್ದವು. ಆ ಬಿಸಿಯೆಲ್ಲ ನೆಟ್ಟಗೆ ಮೇಲೆದ್ದು ಇವನ ಹಾಸಿಗೆಯ ಕೆಳಗೆ ಬಂದು ನಿಲ್ಲುತ್ತಿತ್ತು. ಇಡೀ ಬೀದಿ ಹಲ್ಲು ಕಟಕಟ ಅನ್ನಿಸುವ ಚಳಿಯಲ್ಲೂ ಕರಪತ್ರ ಬನಿಯನ್ನಿನಲ್ಲಿ ಕೂತು ಬೈಬಲ್ ಓದುತ್ತಿದ್ದ. ಅಂಗಡಿಯ ಒಡತಿ ಗಂಡ ಸತ್ತ ಹೆಂಗಸು, ಗಟ್ಟಿ ಕೈ, ಅದಕ್ಕಿಂತ ಗಟ್ಟಿ ಬಾಯಿ. ಬಾಡಿಗೆಗೆ ಬಂದ ಹುಡುಗ ಸೊರಗಿದರೆ ತನ್ನ ಮರ್ಯಾದೆಗೆ ಕುಂದು ಎಂದು ನಂಬಿದವಳು. ದಿನಕ್ಕೆ ಮೂರು ಸಲ ತಟ್ಟೆ ತುಂಬ ಬಡಿಸಿ, ಅವನು ಮುಗಿಸುವ ತನಕ ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಿದ್ದಳು.

ಹಾಗಾದರೆ ಕಷ್ಟ ಎಲ್ಲಿಂದ ಬಂತು? ಹೊಟ್ಟೆಕಿಚ್ಚಿನಿಂದ ಬಂತು. ಊರಿನಲ್ಲಿ ಇವರ ಪಕ್ಕದ ಮನೆಯವರ ಮಗನೂ ಮಿಷನರಿಯಾಗಿ ಬೇರೆ ಯಾವುದೋ ದ್ವೀಪಕ್ಕೆ ಹೋಗಿದ್ದ. ಅವನಿಗೆ ಚಳಿಜ್ವರ ಬಂತು. ಸಭೆ ಅವನಿಗಾಗಿ ಎದ್ದು ನಿಂತು ಪ್ರಾರ್ಥಿಸಿತು. "ಎದ್ದು ನಿಂತು ಕಣೋ!" ಎಂದು ಫೋನಿನಲ್ಲಿ ಅಮ್ಮ ಹೇಳಿದ ಧ್ವನಿಯಲ್ಲಿ, ನೀನೂ ಇದ್ದೀಯಲ್ಲ ಎಂಬ ಒಂದು ಸಣ್ಣ ಎಳೆ ಕರಪತ್ರನ ಕಿವಿಗೆ ಬಿತ್ತು.

"ನೀನು ಚೆನ್ನಾಗಿದೀಯೇನೋ ಮಗನೇ?" ಎಂದು ಅಮ್ಮ ಕೇಳಿದಳು.

ಕರಪತ್ರ ನಿಟ್ಟುಸಿರು ಬಿಟ್ಟ. ಅಷ್ಟೇ ಅವನು ಮಾಡಿದ ತಪ್ಪು.

ಮುಂದಿನ ಭಾನುವಾರ ಸಭೆ ಅವನಿಗಾಗಿಯೂ ಎದ್ದು ನಿಂತಿತು. ಒಮ್ಮೆ ರುಚಿ ಹತ್ತಿದ ಮೇಲೆ ಕೇಳಬೇಕೇ? ಅಲ್ಲಿಂದ ಮುಂದೆ ಅವನು ಒಂದೊಂದು ಫೋನಿಗೆ ಒಂದೊಂದು ಸಾಮಾನು ಕಳೆದುಕೊಳ್ಳುತ್ತ ಹೋದ. ಮೊದಲು ಮಂಚ ಹೋಯಿತು. ಆಮೇಲೆ ಹಾಸಿಗೆ. ಮಳೆಗಾಲ ಮುಗಿಯುವಷ್ಟರಲ್ಲಿ ಕಿಟಕಿಯ ಗಾಜು ಇರಲಿಲ್ಲ. ಡಿಸೆಂಬರ್ ಹೊತ್ತಿಗೆ ಬಾಗಿಲೂ ಹೋಗಿ, ಅವನು ಎಲ್ಲಿದ್ದಾನೆ ಎಂಬುದೇ ಊರಿನವರ ಕಲ್ಪನೆಗೆ ಬಿಟ್ಟ ವಿಷಯವಾಗಿತ್ತು. ಸಭೆಯ ಹಿರಿಯರಾದ ಅವನ ಸೋದರಮಾವ ವೇದಿಕೆ ಹತ್ತಿ, "ನಾನೂ ಹರೆಯದಲ್ಲಿ ಹೊರದೇಶದಲ್ಲಿ ಬರೀ ಹಲಗೆಯ ಮೇಲೆ ಮಲಗಿದವನು, ನನ್ನ ಸೋದರಳಿಯನಿಗೆ ಆ ಹಲಗೆಯೂ ಇಲ್ಲ" ಎಂದು ಪ್ರಸಂಗ ಮಾಡಿದರು. ಮಾವನ ಹಲಗೆಯ ಪ್ರಸಂಗ ಸುತ್ತಮುತ್ತ ಹೆಸರುವಾಸಿ. ಅದು ಯಾವ ದೇಶದ ಹಲಗೆ ಎಂದು ಮಾತ್ರ ಯಾರೂ ಕೇಳಿದವರಿಲ್ಲ, ಅವರು ಹೇಳಿದವರೂ ಅಲ್ಲ. "ಆ ಕತ್ತಲ ನಾಡು" ಅನ್ನುತ್ತಿದ್ದರು.

ಕ್ರಿಸ್ಮಸ್ಸಿಗೆ ಎರಡು ದಿನ ಮುಂಚೆ ಮಾವನದೇ ಫೋನು ಬಂತು.

"ಸಭೆಯವರೆಲ್ಲ ಸೇರಿ ಕಂಬಳಿ ಒಟ್ಟುಮಾಡಿದಾರೆ. ನಾನೇ ತರ್ತಾ ಇದೀನಿ. ಕ್ರಿಸ್ಮಸ್ ಬೆಳಗ್ಗೆ ನಿನ್ನ ಹತ್ರ ಇರ್ತೀನಿ. ನೀನಿರೋ ಜಾಗದಿಂದಲೇ ಆರಾಧನೆ, ಫೋನಲ್ಲಿ ಇಡೀ ಸಭೆ ನೋಡತ್ತೆ. ನಿಮ್ಮಮ್ಮ ಮೊದಲ ಸಾಲಲ್ಲಿ ಕೂತಿರ್ತಾಳೆ."

"ಮಾವ, ಇಲ್ಲಿ ನಿಮಗೆ ಮಲಗೋಕೆ ಜಾಗ..."

"ನಿನಗಿಲ್ಲದ ಜಾಗ ನನಗ್ಯಾಕೋ?" ಎಂದು ಮಾವ ಗದ್ಗದಿತರಾಗಿ ಫೋನಿಟ್ಟರು.

ಕರಪತ್ರನ ಬೆನ್ನಿನಲ್ಲಿ ಆ ವರ್ಷ ಮೊದಲ ಬಾರಿಗೆ ಚಳಿ ಹರಿಯಿತು. ಮಿಷನ್ನಿನ ನಿಯಮ ಅವನಿಗೆ ಗೊತ್ತಿತ್ತು. ಸುಖದ ಜಾಗ ಎಂದು ಕಂಡರೆ ವರ್ಷದ ಕೊನೆಗೆ ಅಲ್ಲಿನ ಮಿಷನ್ ಕೇಂದ್ರ ಮುಚ್ಚಿ ಮಿಷನರಿಯನ್ನು ವಾಪಸ್ ಕರೆಸಿಕೊಳ್ಳುತ್ತಿದ್ದರು. ಇವನದಂತೂ ಸುಖದ ಜೊತೆಗೆ ಸುಳ್ಳು. ಊರಿಗೆ ಹೋದರೆ ಅಪ್ಪನ ಹಿಟ್ಟಿನ ಗಿರಣಿ ಕಾಯುತ್ತಿತ್ತು, ಗಿರಣಿಗೆ ಬರುವ ಪ್ರತಿಯೊಬ್ಬರೂ "ಏನಪ್ಪಾ, ಬಾಗಿಲು ಸಿಕ್ತಾ?" ಎಂದು ಕೇಳುವವರೇ. ಕೋಣೆಯೂ ಉಳಿಯಬೇಕು, ಹೆಸರೂ ಉಳಿಯಬೇಕು. ಅದಕ್ಕಾಗಿ ತುರ್ತಾಗಿ ಒಂದು ಕಷ್ಟ ಬೇಕಾಗಿತ್ತು.

ಅಂಗಡಿಯ ಹಿಂದುಗಡೆ ಇದ್ದಿಲು ತುಂಬುವ ಒಂದು ಕೊಟ್ಟಿಗೆ ಇತ್ತು. ತಗಡಿನ ಮಾಡು, ಸಂದು ಬಿಟ್ಟ ಹಲಗೆಯ ಗೋಡೆ. ಅದನ್ನು ನೋಡಿ ಕರಪತ್ರನ ಮುಖ ಅರಳಿತು. ಇಷ್ಟು ದಿನ ಇಷ್ಟು ಒಳ್ಳೆಯ ಕಷ್ಟವನ್ನು ಹಿತ್ತಲಲ್ಲಿ ಇಟ್ಟುಕೊಂಡು ತಾನು ಸುಮ್ಮನೆ ತಲೆ ಕೆಡಿಸಿಕೊಂಡು ಸುಳ್ಳು ಹೊಸೆಯುತ್ತಿದ್ದೆನಲ್ಲ ಅಂದುಕೊಂಡ.

"ಅಕ್ಕಾ, ನಾನು ಎರಡು ದಿನ ಆ ಕೊಟ್ಟಿಗೇಲಿ ಇರ್ತೀನಿ" ಎಂದು ಒಡತಿಗೆ ಹೇಳಿದ.

ಒಡತಿ ಇಸ್ತ್ರಿ ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟಳು. "ಕೋಣೇಲಿ ತಿಗಣೆಯೇನು?"

"ಇಲ್ಲ ಅಕ್ಕಾ."

"ಹೊಗೆಯೇನು?"

"ಇಲ್ಲ."

"ಮತ್ತೇನು ದೊಡ್ಡ ರೋಗ ನಿಂಗೆ?"

"ನಮ್ಮ ಕರ್ತ ಹುಟ್ಟಿದ್ದು ದನದ ಕೊಟ್ಟಿಗೇಲಿ. ಅವನ ಹುಟ್ಟುಹಬ್ಬಕ್ಕೆ ನಾನೂ ಹಾಗೇ ಇರಬೇಕು ಅಂತ ಹರಕೆ."

ಒಡತಿಗೆ ಅವನ ಧರ್ಮ ಗೊತ್ತಿರಲಿಲ್ಲ. ಆ ಊರಿಗೆ ಕ್ರಿಸ್ಮಸ್ ಎಂದರೆ ಬೇರೆಲ್ಲ ದಿನಗಳ ಹಾಗೆ ಒಂದು ಕೆಲಸದ ದಿನ. "ಅವರ ತಾಯಿಗೆ ಬೇರೆ ಗತಿ ಇರ್ಲಿಲ್ವೇನೋ ಪಾಪ. ನಿನಗೆ ನಾನಿಲ್ವಾ?" ಅಂದಳು. ಇದಕ್ಕೆ ಉತ್ತರ ಮಿಷನ್ನಿನ ಬಳಿಯೂ ಇರಲಿಕ್ಕಿಲ್ಲ. ಅವನು ಚಾಪೆ ಸುತ್ತಿ ಬಗಲಲ್ಲಿಟ್ಟುಕೊಂಡು ಹೊರಟ.

ಹಿತ್ತಲಿಗೆ ಹೋಗುವ ದಾರಿ ಬೀದಿಯ ಮೂಲಕ. ಬೀದಿಯ ಆ ಕಡೆ ಕ್ಷೌರದಂಗಡಿ. ಕ್ಷೌರದವನು ಒಂದು ಗಲ್ಲ ಬೋಳಿಸಿ ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಈ ದೃಶ್ಯ ಕಂಡ. ಹುಡುಗ, ಚಾಪೆ, ಜೋತುಬಿದ್ದ ಮುಖ. ಅವನಿಗೆ ಮತ್ತೇನೂ ಬೇಕಾಗಿರಲಿಲ್ಲ.

"ನೋಡಿದ್ರಾ? ಈ ಚಳೀಲಿ ಹುಡುಗನ್ನ ಹೊರಗೆ ಹಾಕಿದ್ಲು!" ಎಂದು ಸೋಪು ಮೆತ್ತಿದ ಗಿರಾಕಿಗೆ ಹೇಳಿದ. ಆ ಗಿರಾಕಿ ಅರ್ಧ ಗಡ್ಡದಲ್ಲೇ ಎದ್ದು ಹೋಗಿ ತನ್ನ ಹೆಂಡತಿಗೆ ಹೇಳಿದ. ಹೆಂಡತಿ ತಂಗಿಗೆ ಹೇಳಿದಳು. ಸಂಜೆಯೊಳಗೆ, ಒಡತಿ ಕಾದ ಇಸ್ತ್ರಿ ಪೆಟ್ಟಿಗೆ ಹಿಡಿದು ಹುಡುಗನನ್ನು ಮೆಟ್ಟಿಲ ಮೇಲಿಂದ ಅಟ್ಟಿಸಿಕೊಂಡು ಬಂದದ್ದನ್ನು ಕಣ್ಣಾರೆ ಕಂಡವರು ಬೀದಿಯಲ್ಲಿ ನಾಲ್ಕಾರು ಜನ ಆಗಿದ್ದರು.

ವರ್ಷದ ಕೊನೆ, ದಪ್ಪ ಕೋಟುಗಳು ಒಗೆಯಲು ಬರುವ ಕಾಲ. ಮರುದಿನ ಒಂದು ಕೋಟೂ ಬರಲಿಲ್ಲ. ಕೊಟ್ಟಿದ್ದವರೂ ಬಂದು, "ಒದ್ದೆ ಇದ್ರೂ ಪರವಾಗಿಲ್ಲ ಕೊಡಮ್ಮ" ಎಂದು ಹಿಂಡಿದ ಬಟ್ಟೆ ಬುಟ್ಟಿಗೆ ಹಾಕಿಕೊಂಡು ಹೋದರು. ಒಡತಿಗೆ ತಲೆಬುಡ ಅರ್ಥವಾಗಲಿಲ್ಲ. ಅತ್ತ ಕೊಟ್ಟಿಗೆಗೆ ಮಾತ್ರ ಜನವೋ ಜನ. ಒಬ್ಬಳು ರಜಾಯಿ ತಂದಳು. ಇನ್ನೊಬ್ಬಳು ಅದಕ್ಕಿಂತ ದಪ್ಪ ರಜಾಯಿ ತಂದು ಮೊದಲಿನವಳ ರಜಾಯಿಯನ್ನು ಬೆರಳಲ್ಲಿ ಹಿಸುಕಿ ನೋಡಿ ಮೂಗು ಮುರಿದಳು. ಕ್ಷೌರದವನು ತನ್ನದೂ ಒಂದು ರಜಾಯಿಯ ಜೊತೆಗೆ ಸುತ್ತಿಗೆ ತಂದು ಗೋಡೆಯ ಸಂದುಗಳಿಗೆ ಹಲಗೆ ಬಡಿದ. ಕರಪತ್ರ "ಬೇಡಿ ಅಣ್ಣಾ, ಗಾಳಿ ಬರ್ಲಿ, ಗಾಳಿ ಬೇಕು ನಂಗೆ" ಎಂದು ಕೈಮುಗಿದಷ್ಟೂ ಅವನ ಕಣ್ಣು ತುಂಬಿ ಬಂದು ಇನ್ನೂ ಎರಡು ಮೊಳೆ ಜಾಸ್ತಿ ಹೊಡೆಯುತ್ತಿದ್ದ. ಸಂಜೆಯ ಹೊತ್ತಿಗೆ ಆ ಕೊಟ್ಟಿಗೆ ಬೀದಿಯಲ್ಲೇ ಎರಡನೆಯ ಬೆಚ್ಚನೆಯ ಜಾಗವಾಯಿತು. ಕಷ್ಟವನ್ನು ಹುಡುಕಿಕೊಂಡು ಹೋದವನಿಗೆ ಅದೂ ದಕ್ಕಲಿಲ್ಲ.

ಇಷ್ಟಾಗುವಾಗ ಆರೋಗ್ಯಾಧಿಕಾರಿ ಬರದಿರುತ್ತಾರೆಯೇ? ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಬಂದರು. ಕೊಟ್ಟಿಗೆಯೊಳಗೆ ತಲೆ ಹಾಕಿ, ತಲೆ ತೆಗೆದು, ಒಡತಿಯನ್ನು ಕರೆಸಿದರು.

"ಇದು ಇದ್ದಿಲು ಕೊಟ್ಟಿಗೆ. ಇದ್ದಿಲು ಇರೋ ಕಡೆ ಮನುಷ್ಯ ಇರೋ ಹಾಗಿಲ್ಲ."

"ನಾನು ಇಟ್ಟಿಲ್ಲ ಸ್ವಾಮಿ, ಅವನೇ ಹೋಗಿ ಇದಾನೆ."

"ಮನುಷ್ಯ ಇರೋ ಕಡೆ ಇದ್ದಿಲೂ ಇರೋ ಹಾಗಿಲ್ಲ. ಎರಡರಲ್ಲಿ ಒಂದನ್ನ ನಾಳೆ ಸಂಜೆಯೊಳಗೆ ಖಾಲಿ ಮಾಡಿಸಿ. ಇಲ್ದಿದ್ರೆ ಅಂಗಡಿಗೆ ಬೀಗ."

ಅಷ್ಟರಲ್ಲಿ ಬೀದಿಯ ಮಾತು ಕಿವಿಗೆ ಬಿದ್ದಿದ್ದ ಒಡತಿ ಕರಪತ್ರನ ಮುಂದೆ ಬಂದು ನಿಂತಳು. ಅವಳ ಧ್ವನಿ ಆವತ್ತು ಏರಲಿಲ್ಲ. "ಗಂಡ ಸತ್ತಾಗಲೂ ಈ ಬೀದಿ ನನ್ನ ಅಂಗಡಿಗೆ ಬರೋದು ಬಿಟ್ಟಿರ್ಲಿಲ್ಲ. ನನ್ನ ಅನ್ನ ತಿಂದ ಬಾಯಲ್ಲಿ ಒಂದು ಮಾತು ಹೇಳು, ನಾನು ನಿನ್ನ ಹೊರಗೆ ಹಾಕಿದ್ನಾ?"

"ಇಲ್ಲ ಅಕ್ಕಾ."

"ನಂಗಲ್ಲ, ಅವರಿಗೆ ಹೇಳು."

"ನಾಳೆ ಒಂದಿನ ಕಳೀಲಿ ಅಕ್ಕಾ. ಮಾವ ಬಂದು ಹೋಗ್ಲಿ, ಬೀದಿಗೆಲ್ಲ ಹೇಳ್ತೀನಿ."

ಇದನ್ನು ಕೇಳಿದಾಗ ನನಗೆ ಅವನ ಕಪಾಳಕ್ಕೆ ಒಂದು ಬಾರಿಸಬೇಕು ಅನ್ನಿಸುತ್ತದೆ. ಒಡತಿಗೂ ಅನ್ನಿಸಿರಬೇಕು. ಅವಳು ಬಾರಿಸಲಿಲ್ಲ, ಒಳಗೆ ಹೋಗಿ ಖಾಲಿ ಹಂಡೆಗಳನ್ನು ಕವುಚಿ ಹಾಕಿದಳು. ಅದರ ಸದ್ದು ಬೀದಿಯ ತುದಿಯವರೆಗೆ ಕೇಳಿಸಿತು, ಬೀದಿಯವರು "ನೋಡಿ, ಎಷ್ಟು ಕೊಬ್ಬು" ಅಂದುಕೊಂಡರು.

ಕ್ರಿಸ್ಮಸ್ ಬೆಳಗಾಯಿತು. ಕರಪತ್ರ ರಜಾಯಿಗಳನ್ನೆಲ್ಲ ಇದ್ದಿಲು ಮೂಟೆಗಳ ಹಿಂದೆ ತುರುಕಿ, ಕ್ಷೌರದವನು ಬಡಿದ ಹಲಗೆಗಳಲ್ಲಿ ಎರಡನ್ನು ಕಷ್ಟಪಟ್ಟು ಕಿತ್ತು, ಮುಖಕ್ಕೆ ಒಂದಿಷ್ಟು ಇದ್ದಿಲ ಪುಡಿ ಸವರಿಕೊಂಡು ಮೂಟೆಯ ಮೇಲೆ ಕೂತ. ಮಾವ ಕಂಬಳಿಗಳ ಗಂಟು ಇಳಿಸಿಕೊಂಡು ಒಳಗೆ ಬಂದವರೇ ಕೈಯಲ್ಲಿದ್ದ ಫೋನನ್ನು ಎತ್ತಿ ಹಿಡಿದರು. ಫೋನಿನೊಳಗೆ ಊರಿನ ಸಭೆ ಕಿಕ್ಕಿರಿದು ಕೂತಿತ್ತು. ಮೊದಲ ಸಾಲಿನಲ್ಲಿ ಅಮ್ಮ. ಅವಳ ಹಿಂದೆ ಪಕ್ಕದ ಮನೆಯವಳು, ಮಗನ ಚಳಿಜ್ವರ ಈ ಕೊಟ್ಟಿಗೆಯ ಮುಂದೆ ಯಾವ ಲೆಕ್ಕಕ್ಕೂ ಇಲ್ಲ ಎಂದು ಅರಿವಾಗಿ ಬಾಡಿದ ಮುಖದಲ್ಲಿ.

"ನೋಡಿ ಸಭೆಯವರೇ! ಇದು ಮನೆಯೇ? ಇದು ಮನುಷ್ಯರು ಇರುವ ಜಾಗವೇ?" ಎಂದು ಮಾವ ಕಂಪಿಸುವ ಸ್ವರದಲ್ಲಿ ಶುರುಮಾಡಿದರು.

"ಅಯ್ಯೋ ನನ್ನ ಕಂದಾ!" ಎಂದು ಫೋನು ಅತ್ತಿತು.

ಅಷ್ಟರಲ್ಲಿ ಸದ್ದು ಕೇಳಿ ಬೀದಿಯವರೆಲ್ಲ ಬಾಗಿಲಲ್ಲಿ ನೆರೆದರು. ಎಲ್ಲರಿಗಿಂತ ಮುಂದೆ ಒಡತಿ, ಅವಳ ಪಕ್ಕದಲ್ಲಿ ಕ್ಷೌರದವನು. ಮಾವ ಫೋನನ್ನು ಅವರ ಕಡೆ ತಿರುಗಿಸಿ, "ಈ ಜನ ಏನು ಹೇಳ್ತಾರೋ? ಸಭೆಗೆ ತಿಳಿಸು" ಅಂದರು.

ಒಡತಿ ತನ್ನ ಭಾಷೆಯಲ್ಲಿ ಶುರುಮಾಡಿದಳು. "ನೀವು ಇವನ ಮಾವನೇನ್ರೀ? ಹಾಗಾದ್ರೆ ಇವನ ತಲೆ ಸರಿ ಇದೆಯಾ ಸ್ವಲ್ಪ ನೋಡಿ. ಮೇಲೆ ಬೆಚ್ಚಗಿನ ಕೋಣೆ ಇದೆ, ಮಂಚ ಇದೆ, ಹತ್ತಿ ಹಾಸಿಗೆ ಇದೆ. ತಿಂದು ತಿಂದು ಊದಿಕೊಂಡು ಇವನ ಪ್ಯಾಂಟಿನ ಸೊಂಟಾನ ಎರಡು ಸಲ ಬಿಚ್ಚಿ ಹೊಲಿದಿದೀನಿ!"

"ಏನಂತೆ?" ಎಂದರು ಮಾವ.

"ನಮಗೋಸ್ಕರ ಈ ಹುಡುಗ ಸೊರಗಿ ಕಡ್ಡಿಯಾದ ಅಂತ ಸಂಕಟಪಡ್ತಿದಾರೆ ಮಾವ" ಎಂದ ಕರಪತ್ರ.

"ಹಲ್ಲೆಲೂಯಾ!" ಎಂದಿತು ಫೋನು.

ಕ್ಷೌರದವನ ಬಾಯಿ ತೆರೆದುಕೊಂಡಿತು. ಹತ್ತಿ ಹಾಸಿಗೆಯ ಸುದ್ದಿ ಅವನಿಗೆ ಹೊಸದು. ಅವನ ಕಣ್ಣು ಮಾವನ ಕಂಬಳಿ ಗಂಟಿನ ಮೇಲೆ ಹೋಯಿತು, ಅಲ್ಲಿಂದ ಮೂಟೆಗಳ ಹಿಂದೆ ಇಣುಕುತ್ತಿದ್ದ ರಜಾಯಿಯ ಅಂಚಿನ ಮೇಲೆ, ಅಲ್ಲಿಂದ ತಾನು ಬಡಿದ ಹಲಗೆ ಕಿತ್ತ ಜಾಗದ ಮೇಲೆ. "ಲೋ! ನಮ್ಮ ಬೀದೀಲಿ ಒಬ್ಬ ಮನುಷ್ಯನಿಗೆ ಕಂಬಳಿ ಕೊಡೋರೂ ಇಲ್ಲ ಅಂತ ಊರೂರಿಗೆ ಸಾರಿದೀಯೇನೋ? ಕರ್ಕೊಂಡು ಹೋಗ್ರೀ ಇವನ್ನ ಇಲ್ಲಿಂದ! ಈಗಲೇ!"

"ಇವರೇನಂತಾರೆ? ತುಂಬ ಆವೇಶದಲ್ಲಿದಾರೆ" ಎಂದರು ಮಾವ.

"ನಮ್ಮನ್ನ ಬಿಟ್ಟು ಹೋಗಬೇಡ ಅಂತ ಗೋಗರೀತಿದಾರೆ ಮಾವ."

ಸಭೆ ಎದ್ದು ನಿಂತಿತು. ಅಮ್ಮ ಪಕ್ಕದ ಮನೆಯವಳ ಕಡೆ ಒಮ್ಮೆ ತಿರುಗಿ ನೋಡಿ ಮತ್ತೆ ಅಳಲು ಶುರುಮಾಡಿದಳು. ಮಾವ ಆಶೀರ್ವಾದ ಹೇಳಿದರು, ಆಮೆನ್ ಅಂದರು, ಫೋನು ಆರಿಸಿ ಜೇಬಿಗಿಟ್ಟರು. ಆಮೇಲೆ ಒಡತಿಯ ಕಡೆ ತಿರುಗಿ, ಒಂದಿಷ್ಟೂ ತಡವರಿಸದೆ, ಅವಳದೇ ಭಾಷೆಯಲ್ಲಿ ಕೇಳಿದರು.

"ಆ ಹತ್ತಿ ಹಾಸಿಗೆಯ ಕೋಣೆ ಈಗ ಖಾಲಿ ಇದೆಯೇನಮ್ಮ?"

ಕರಪತ್ರ ಮೂಟೆಯ ಮೇಲಿಂದ ಜಾರಿ ಕೆಳಗೆ ಕೂತ.

"ನಿಮಗೆ ನಮ್ಮ ಮಾತು ಬರತ್ತಾ?" ಎಂದು ಒಡತಿ ಹುಬ್ಬೇರಿಸಿದಳು.

"ಬರದೆ ಏನು? ಹರೆಯದಲ್ಲಿ ಇದೇ ಊರಲ್ಲಿ ಇದ್ದವನು. ಆಚೆ ಬೀದೀಲಿ ಬ್ರೆಡ್ ಸುಡೋರ ಮನೇಲಿ. ಹಿಟ್ಟು ನಾದೋ ಹಲಗೆ ಒಲೆ ಪಕ್ಕದಲ್ಲೇ ಇರ್ತಿತ್ತು. ಕೆಲಸ ಮುಗಿದ ಮೇಲೆ ಅದರ ಮೇಲೆ ಹಾಸಿಗೆ ಹಾಸಿ ಮಲಗಿಬಿಟ್ರೆ, ಆಹಾ, ಅಂಥಾ ನಿದ್ದೆ ನಂಗೆ ಮತ್ತೆ ಬಂದಿಲ್ಲ."

ಸಾವಿರಾರು ಜನರ ಕಣ್ಣಲ್ಲಿ ನೀರು ತರಿಸಿದ ಹಲಗೆ ಅದು. ಕರಪತ್ರನಿಗೆ ಸಿಟ್ಟೂ ಬಂತು, ಸಮಾಧಾನವೂ ಆಯಿತು. "ಹಾಗಾದ್ರೆ ಮಾವ, ನಾವಿಬ್ರೂ ಮೇಲೆ..." ಎಂದು ಏಳಹೋದ.

"ನೀನೆಲ್ಲಿಗೆ?" ಎಂದರು ಮಾವ. "ಇಡೀ ಸಭೆ ನಿನ್ನ ಈ ಕೊಟ್ಟಿಗೇಲಿ ಕಣ್ಣಾರೆ ನೋಡಿದೆ. ಇನ್ಮೇಲೆ ಪ್ರತಿ ಭಾನುವಾರ ನೋಡಬೇಕು ಅಂತಾರೆ, ಅವರು ಬಿಡೋರಲ್ಲ, ನಂಗೊತ್ತು. ಮೇಲೆ ಹೋಗಬೇಕು ಅಂದ್ರೆ ಹೋಗು. ತಗೋ ಫೋನು, ನಿಮ್ಮಮ್ಮ ಇನ್ನೂ ಅಲ್ಲೇ ಕೂತಿರ್ತಾಳೆ, ನಿಜ ಹೇಳಿ ಹೋಗು."

ಫೋನು ಅವನ ಮುಂದೆ ಚಾಚಿಕೊಂಡಿತ್ತು. ಇಲ್ಲೊಂದು ಸಣ್ಣ ಅವಕಾಶ ಅವನಿಗಿತ್ತು, ಯಾರೂ ಇಲ್ಲ ಅನ್ನುವಂತಿಲ್ಲ. ಕರಪತ್ರ ಫೋನನ್ನು ನೋಡಿದ, ಮಹಡಿಯ ಕಿಟಕಿಯನ್ನು ನೋಡಿದ, ಎದ್ದು ನಿಂತ ಸಭೆಯನ್ನು ನೆನೆಸಿಕೊಂಡ. ಆಮೇಲೆ ಮತ್ತೆ ಮೂಟೆಯ ಮೇಲೆ ಹತ್ತಿ ಕೂತ.

ಒಡತಿ ಮಾತ್ರ ಮಾವನಿಗೆ ದಾರಿ ಬಿಡಲಿಲ್ಲ. "ಕೋಣೆ ಕೊಡ್ತೀನಿ. ಮೊದಲು ಕ್ಷೌರದಂಗಡೀಲಿ ಕೂತು, ಎಲ್ರೆದುರಿಗೆ, ನಾನು ಈ ಹುಡುಗನ್ನ ಹೊರಗೆ ಹಾಕಿಲ್ಲ ಅಂತ ಬಾಯಿಬಿಟ್ಟು ಹೇಳ್ಬೇಕು. ನಡೆದದ್ದು ನಡೆದ ಹಾಗೆ."

ಮಾವ ಹೇಳಿದರು. ಕುರ್ಚಿಯಲ್ಲಿ ಒರಗಿ, ಗಡ್ಡ ಮಾಡಿಸಿಕೊಳ್ಳುತ್ತ, ನಿಟ್ಟುಸಿರಿನಿಂದ ಹಿಡಿದು ಹೋದ ಬಾಗಿಲಿನವರೆಗೆ, ಸೋದರಳಿಯನ ಹಾಸಿಗೆಯಿಂದ ಹಿಡಿದು ತಮ್ಮ ಹಲಗೆಯವರೆಗೆ, ಒಂದನ್ನೂ ಮುಚ್ಚಿಡದೆ ಹೇಳಿದರು. ಜೀವಮಾನದಲ್ಲಿ ಅವರು ಮಾಡಿದ ಒಂದೇ ಒಂದು ಸತ್ಯವಾದ ಪ್ರಸಂಗ ಅದು, ಅದನ್ನು ತಮ್ಮೂರಿನ ಯಾರಿಗೂ ತಿಳಿಯದ ಭಾಷೆಯಲ್ಲಿ ಮಾಡಿ ಮುಗಿಸಿದರು. ಬೀದಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಅವರಿಗೆ ನಾಚಿಕೆಯಾಯಿತು. ಮಧ್ಯಾಹ್ನದೊಳಗೆ ಇಸ್ತ್ರಿ ಅಂಗಡಿಯ ಮುಂದೆ ಕೋಟುಗಳ ರಾಶಿ ಬಿತ್ತು. ಕ್ಷೌರದವನು ತನ್ನ ಕೋಟಿನ ಜೊತೆಗೆ ಅಂಗಡಿಯ ಟವೆಲ್ಲುಗಳನ್ನೂ ತಂದು, ಒಡತಿಯ ಮುಖ ನೋಡಲಾಗದೆ, "ಅವಸರ ಏನಿಲ್ಲಮ್ಮ, ಯಾವಾಗ ಕೊಟ್ರೂ ಸರಿ" ಅಂದ. ಒಡತಿ ಟವೆಲ್ಲುಗಳನ್ನು ಎಣಿಸಿಕೊಂಡಳು.

ಆರೋಗ್ಯಾಧಿಕಾರಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಮನುಷ್ಯ ಕೊಟ್ಟಿಗೆಯಲ್ಲೇ ಉಳಿಯುವುದು ಖಚಿತವಾದ್ದರಿಂದ ಇದ್ದಿಲು ಹೊರಡಬೇಕಾಯಿತು. ಅದನ್ನು ಹೊರುವವರು ಬೇರೆ ಯಾರಿದ್ದಾರೆ? ಕರ್ತನ ಹುಟ್ಟುಹಬ್ಬದ ಇಡೀ ಮಧ್ಯಾಹ್ನ ಕರಪತ್ರ ಇದ್ದಿಲು ಮೂಟೆಗಳನ್ನು ಬೆನ್ನ ಮೇಲೆ ಹೊತ್ತು ತಾರಸಿಗೆ ಏರಿಸಿದ. ಪ್ರತಿ ಸಲ ಮಹಡಿ ದಾಟುವಾಗಲೂ ಕೋಣೆಯೊಳಗಿನಿಂದ ಕೀರ್ತನೆ ಕೇಳಿಸುತ್ತಿತ್ತು, ಬೆಚ್ಚಗಿರುವವರು ಮಾತ್ರ ಹಾಡಬಲ್ಲಂಥ ಉದ್ದನೆಯ ಸ್ವರದಲ್ಲಿ. ಸಭೆಯ ಕಂಬಳಿಗಳೂ ಮಾವನ ಬಳಿಯೇ ಇದ್ದವು. "ಭಾನುವಾರ ಫೋನಿಗೆ ತೋರಿಸಬೇಕು, ಇದ್ದಿಲು ಮೆತ್ತಿಸಬೇಡ" ಎಂದು ಅವರು ಬಾಗಿಲಿನ ಸಂದಿಯಿಂದಲೇ ಹೇಳಿದ್ದರು.

ಸಂಜೆ ಬೀದಿಯವರು ತಂತಮ್ಮ ರಜಾಯಿಗಳನ್ನು ವಾಪಸ್ ಒಯ್ಯಲು ಬಂದರು. ಮೂಟೆಗಳು ಹೋಗಿ ಕೊಟ್ಟಿಗೆ ಬೋಳಾಗಿತ್ತು, ಹಲಗೆ ಕಿತ್ತ ಸಂದಿನಲ್ಲಿ ಗಾಳಿ ನುಗ್ಗುತ್ತಿತ್ತು. ಒಬ್ಬೊಬ್ಬರೂ ರಜಾಯಿ ಕೊಡವಿ, ಮಡಚಿ, ಬಗಲಿಗೇರಿಸಿಕೊಂಡು ಹೊರಟರು. ಕೊನೆಯದು ಕ್ಷೌರದವನದು. ಅವನು ಅದಕ್ಕೆ ಕೈ ಹಾಕಿದಾಗ ಕರಪತ್ರ ಒಂದು ತುದಿ ಬಿಗಿಯಾಗಿ ಹಿಡಿದುಕೊಂಡ. ಹಲ್ಲುಗಳು ತಾವಾಗಿಯೇ ಕಟಕಟ ಅನ್ನುತ್ತಿದ್ದವು. ಕಣ್ಣಲ್ಲಿ ನೀರಿತ್ತು.

"ಅಣ್ಣಾ, ಇದೊಂದು ಬಿಟ್ಟು ಹೋಗಿ. ಚಳಿ ಆಗ್ತಿದೆ. ತಡೆಯೋಕಾಗ್ತಿಲ್ಲ. ದೇವರಾಣೆ ನಿಜ."

ಕ್ಷೌರದವನು ಕೈ ತೆಗೆದು ಅವನನ್ನೇ ನೋಡಿದ. ಮುಖದಲ್ಲಿದ್ದ ಸಿಟ್ಟೆಲ್ಲ ಇಳಿದು ಮೆಚ್ಚುಗೆ ಮೂಡಿತು. ಬಾಗಿಲಿಗೆ ಹೋಗಿ ಬೀದಿಯ ಕಡೆ ಕೂಗಿದ.

"ಬನ್ರೋ ಬನ್ನಿ ಬೇಗ! ಊರಿಗೆ ಹೆಂಗೆ ಹೇಳ್ತಿದ್ದ ಅಂತ ಮಾಡಿ ತೋರಿಸ್ತಿದಾನೆ!"

ಹೊರಟವರೆಲ್ಲ ಓಡಿ ಬಂದರು. ಒಡತಿಯೂ ಇಸ್ತ್ರಿ ಬಿಟ್ಟು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಕರಪತ್ರ ಅವರ ಮುಂದೆ ಗಡಗಡ ನಡುಗುತ್ತ, ಕೈಮುಗಿದು, ಇನ್ನೊಂದು ಸಲ ಹೇಳಿದ.

"ನಿಜವಾಗ್ಲೂ ಚಳಿ ಆಗ್ತಿದೆ."

"ಅಬ್ಬಬ್ಬಾ!" ಎಂದಳು ಒಬ್ಬಳು, ಎದೆಯ ಮೇಲೆ ಕೈಯಿಟ್ಟುಕೊಂಡು. ಒಡತಿ ತಲೆ ಓರೆ ಮಾಡಿ ಸ್ವಲ್ಪ ಹೊತ್ತು ನೋಡಿ, "ಹಲ್ಲು ಕಟಕಟ ಅನ್ಸೋದು ಒಂಚೂರು ಜಾಸ್ತಿ ಆಯ್ತು" ಅಂದಳು. ಎಲ್ಲರೂ ಮನಸಾರೆ ಚಪ್ಪಾಳೆ ತಟ್ಟಿದರು. ಆಮೇಲೆ ಕ್ಷೌರದವನು ರಜಾಯಿಯ ತುದಿಯನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, ಬಾಗಿಲು ಎಳೆದುಕೊಂಡು, ಮನೆಗೆ ಹೋದ.